ರಾತ್ರಿ ಎರಡು ಗಂಟೆಯ ಮೀಟರು

ನೀರಿನ ಸೋರಿಕೆ ಪತ್ತೆಹಚ್ಚುವ ಸ್ಮಾರ್ಟ್ ಸಾಧನಗಳ ವಿಷಯ ಬಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಎರಡು ಬಣ ಆಗುತ್ತದೆ. ಅದೊಂದು ಬಂದುಬಿಟ್ಟರೆ ಟ್ಯಾಂಕರಿನ ಕಾಟ ತಪ್ಪಿತು ಅನ್ನುವವರು ಒಂದು ಕಡೆ. ಅದು ದುಡ್ಡಿದ್ದವರ ಆಟಿಕೆ, ಸುಮ್ಮಸುಮ್ಮನೆ ಕಿರುಚುತ್ತದೆ, ಬ್ಯಾಟರಿ ತಿನ್ನುತ್ತದೆ, ವೈಫೈ ಹೋದರೆ ತೆಪ್ಪಗೆ ಬಿದ್ದಿರುತ್ತದೆ ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆ ನನಗೆ ಬೇಕಾದವರೇ ಇದ್ದಾರೆ. ಆದರೂ ಇಬ್ಬರ ಜಗಳವೂ ಆ ಸಾಧನದ ಕಿರುಚಾಟದ ಸುತ್ತಲೇ ನಡೆಯುತ್ತಿದೆ ಅನ್ನಿಸುತ್ತದೆ. ಅದು ನಮಗೆ ಉಪಯೋಗಕ್ಕೆ ಬರುವುದು ಕಿರುಚಿದಾಗಲ್ಲ, ಬಾಯಿ ಮುಚ್ಚಿಕೊಂಡು ಲೆಕ್ಕ ಬರೆದಾಗ.

ಇದು ಯಾವ ಮನೆಗಾಗಿ ಹುಟ್ಟಿದ್ದು ಅನ್ನುವುದನ್ನು ಮೊದಲು ನೋಡಬೇಕು. ಅಮೆರಿಕದ ಸಾಮಾನ್ಯ ಮನೆಗೆ ಮರದ ಚೌಕಟ್ಟು, ಜಿಪ್ಸಮ್ ಹಲಗೆಯ ಗೋಡೆ, ನೆಲಕ್ಕೆ ಮರ ಇಲ್ಲವೇ ಕಾರ್ಪೆಟ್. ಟೆಕ್ಸಾಸ್ ಕಡೆ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ ಇರುವುದೇ ಅಟ್ಟದ ಮೇಲೆ. ಬೀದಿಯ ಕೊಳವೆಯಿಂದ ಸುಮಾರು 3ರಿಂದ 5 ಬಾರ್ ಒತ್ತಡದಲ್ಲಿ ನೀರು ಹಗಲೂ ರಾತ್ರಿ ಒತ್ತಿಕೊಂಡು ನಿಂತಿರುತ್ತದೆ. 2021ರ ಫೆಬ್ರವರಿಯ ಚಳಿಗೆ ಅಲ್ಲಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ, ಕೊಳವೆ ಒಡೆದು, ಅಸಂಖ್ಯ ಮನೆಗಳ ಒಳಗೆ ನೀರು ಸುರಿಯಿತು. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಇರುವ ಕನ್ನಡಿಗರು ಆ ವಾರವನ್ನು ಇನ್ನೂ ಮರೆತಿಲ್ಲ. ಅಂಥ ಮನೆಯ ಮುಖ್ಯ ಕೊಳವೆಗೆ ಒಂದು ಯಂತ್ರ ಕೂರಿಸಿ, ಹರಿವು ಅತಿಯಾದರೆ ವಾಲ್ವ್ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವುದು ಜಾಣತನವೇ. ಕೆಲವು ವಿಮಾ ಕಂಪನಿಗಳು ಅದಕ್ಕೆ ರಿಯಾಯಿತಿಯನ್ನೂ ಕೊಡುತ್ತವೆ. (ತಿಂಗಳ ಮಟ್ಟಿಗೆ ಊರಿಗೆ ಬರುವವರು ಹೊರಡುವ ಮುಂಚೆ ಮುಖ್ಯ ವಾಲ್ವನ್ನು ಕೈಯಲ್ಲೇ ತಿರುಗಿಸಿ ಬರಬಹುದು. ಆದರೆ ಅದಕ್ಕೆ ಆ್ಯಪ್ ಇಲ್ಲವಲ್ಲ!)

ನಮ್ಮ ಮನೆಯ ವ್ಯವಸ್ಥೆಯೇ ಬೇರೆ. ನೀರು ಸಂಪಿಗೆ ಬಂದು, ಮೋಟಾರಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ. ಹಾಗಾಗಿ ಟ್ಯಾಂಕಿನ ಕೆಳಗಿನ ಮಹಡಿಯವರಿಗೆ ಅರ್ಧ ಬಾರ್ ಕೂಡ ಸಿಗುವುದು ಕಷ್ಟ. ವಾಲ್ವ್ ಮುಚ್ಚಿ, ಒತ್ತಡ ಎಷ್ಟು ಇಳಿಯಿತು ಎಂದು ಅಳೆದು ಸೋರಿಕೆ ಹಿಡಿಯುವ ಯಂತ್ರಕ್ಕೆ ಇಲ್ಲಿ ಅಳೆಯಲು ಒತ್ತಡವೇ ಸಾಲದು. ಇನ್ನೊಂದು ತೊಡಕನ್ನು ಮಾರುವವರು ಮೊದಲಿಗೆ ಹೇಳುವುದಿಲ್ಲ. ನಮ್ಮ ಹಳೆಯ ಫ್ಲಾಟುಗಳಿಗೆ ನೀರು ಬರುವುದು ಒಂದೇ ಕೊಳವೆಯಲ್ಲಲ್ಲ. ಅಡುಗೆಮನೆಗೊಂದು, ಬಾತ್‌ರೂಮಿಗೊಂದು ಎಂದು ಡಕ್ಟಿನಲ್ಲಿ ಬೇರೆಬೇರೆ ಕೊಳವೆ ಇಳಿದಿರುತ್ತವೆ. ‘ಮನೆಗೊಂದು ಸಾಧನ’ ಅನ್ನುವುದು ಕೊನೆಗೆ ನಾಲ್ಕು ಸಾಧನವಾಗಿ ನಿಲ್ಲುತ್ತದೆ.

ನೆಲದ ಮೇಲಿಡುವ ಬಿಲ್ಲೆಯಾಕಾರದ ಸೆನ್ಸರ್ ಅಗ್ಗ, ಸರಳ. ತಳದಲ್ಲಿ ಎರಡು ಲೋಹದ ತುದಿ, ನಡುವೆ ನೀರು ನಿಂತರೆ ವಿದ್ಯುತ್ ಹರಿಯುತ್ತದೆ, ಫೋನಿಗೆ ಸುದ್ದಿ ಹೋಗುತ್ತದೆ. ಆದರೆ ಮನೆಯ ನೆಲದ ಮೇಲೆ ನೀರು ಬೀಳುವುದು ಅಪರೂಪ ಎಂದು ಅದು ನಂಬಿಕೊಂಡಿದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಗ ಡಾಲಸ್‌ನಲ್ಲಿ. ರಜೆಗೆ ಬಂದವನು ಸಿಂಕಿನ ಕೆಳಗೊಂದು ಇಟ್ಟು ಹೋದ. ಶುಕ್ರವಾರ ಬೆಳಿಗ್ಗೆ ಅಮ್ಮ ಅಡುಗೆಮನೆಗೆ ನೀರು ಹೊಯ್ದು ತೊಳೆಯಲು ಶುರು ಮಾಡಿದರು. ಅಲ್ಲಿ ಇನ್ನೂ ಗುರುವಾರ ಸಂಜೆ, ಮಗ ಊಟಕ್ಕೆ ಕೂತಿದ್ದ.

“ಅಮ್ಮಾ, ಸಿಂಕಿನ ಕೆಳಗೆ ನೀರು ಸೋರ್ತಿದೆ, ಬೇಗ ನೋಡು.”

“ಸೋರ್ತಿಲ್ಲ ಕಣೋ, ನಾನೇ ಹಾಕಿದ್ದು. ಇವತ್ತು ಶುಕ್ರವಾರ ಅಲ್ವಾ?”

ವಾರವಾರ ಇದೇ ಆದಾಗ ಅಮ್ಮನೇ ಪರಿಹಾರ ಕಂಡುಕೊಂಡರು. ಪಾಪ, ನೆನೆದು ಹಾಳಾಗುತ್ತೆ ಎಂದು ಅದನ್ನೆತ್ತಿ ಫ್ರಿಜ್ಜಿನ ಮೇಲಿಟ್ಟರು. ಈಗ ಅದು ಸದ್ದು ಮಾಡುವುದಿಲ್ಲ, ಮಗನೂ ನಿಶ್ಚಿಂತನಾಗಿದ್ದಾನೆ.

ಇದಕ್ಕಿಂತ ದೊಡ್ಡ ತಕರಾರು ಒಂದಿದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಮಾತು ಬಿಡುವಷ್ಟು ಜಗಳ ತರುವ ಸೋರಿಕೆ ಯಾವುದು? ಮೇಲಿನವರ ಬಾತ್‌ರೂಮಿನಿಂದ ಕೆಳಗಿನವರ ಚಾವಣಿಗೆ ಇಳಿಯುವ ತೇವ. ಟೈಲ್ಸ್ ಸಂದಿನ ವೈಟ್ ಸಿಮೆಂಟ್ ಹೋಗಿರುತ್ತದೆ, ನಹಾನಿ ಟ್ರ್ಯಾಪಿನ ಸುತ್ತ ವಾಟರ್‌ಪ್ರೂಫಿಂಗ್ ಬಿಟ್ಟಿರುತ್ತದೆ. ಅಲ್ಲಿ ಸೋರುವುದು ಸ್ನಾನ ಮಾಡಿದ ನೀರು, ಅಂದರೆ ಮೀಟರು ದಾಟಿ, ನ್ಯಾಯವಾಗಿ ಬಳಕೆಯಾಗಿ, ಮೋರಿಯ ಹಾದಿ ಹಿಡಿದ ನೀರು. ಒಳಗೆ ಬರುವ ಕೊಳವೆಯನ್ನು ಕಾಯುವ ಯಂತ್ರ ಅದನ್ನು ಹಿಡಿಯುವ ಮಾತೇ ಇಲ್ಲ. ನೆಲದ ಬಿಲ್ಲೆಯನ್ನು ಬಾತ್‌ರೂಮಿನಲ್ಲಿ ಇಡುವಂತೆಯೂ ಇಲ್ಲ. ಚಾವಣಿಯ ಕಲೆ ತೋರಿಸಿ ಸಾಧನ ಕೊಳ್ಳಲು ಹೊರಟವರಿಗೆ ಈ ಮಾತನ್ನು ಯಾರಾದರೂ ಮುಂಚೆಯೇ ಹೇಳುವುದು ಒಳ್ಳೆಯದು.

ಇಷ್ಟು ಕೇಳಿ ಎರಡನೇ ಬಣದವರು ‘ನಾವು ಹೇಳಿರಲಿಲ್ಲವೇ’ ಎಂದಾರು. ಅವರೊಂದಿಗೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆರ್‌ಒ ಯಂತ್ರಕ್ಕೆ ಹೋಗುವ ಬೆರಳಿಗಿಂತ ಸಪೂರದ ಪ್ಲಾಸ್ಟಿಕ್ ನಳಿಗೆ ರಾತ್ರಿ ಕಳಚಿಕೊಂಡರೆ, ಬೆಳಗಾಗುವಷ್ಟರಲ್ಲಿ ಪ್ಲೈವುಡ್ಡಿನ ಕಿಚನ್ ಕ್ಯಾಬಿನೆಟ್ ಉಬ್ಬಿ ನಿಂತಿರುತ್ತದೆ. ಅದರ ಕೆಳಗೆ ಒಂದು ಬಿಲ್ಲೆ ಇರಲಿ, ತೊಳೆಯುವ ನೀರು ತಾಕದ ಹಾಗೆ, ಕ್ಯಾಬಿನೆಟ್ಟಿನ ಒಳಗೆ. ಅಷ್ಟು ಸಾಕು.

‘ನಮ್ಮ ಕಣ್ಣೇ ಸಾಲದೆ’ ಅನ್ನುವ ಅವರ ವಾದ ಮುಗ್ಗರಿಸುವುದು ಫ್ಲಶ್ ಟ್ಯಾಂಕಿನ ಹತ್ತಿರ. ಅದರ ತಳದ ರಬ್ಬರ್ ವಾಷರ್ ಸವೆದರೆ ನೀರು ಕಮೋಡಿನ ಬಿಳಿ ಗೋಡೆಗೆ ಅಂಟಿಕೊಂಡು ಇಳಿಯುತ್ತದೆ. ಸದ್ದಿಲ್ಲ, ತೇವವಿಲ್ಲ, ಕಲೆಯಿಲ್ಲ. ಗಂಟೆಗೆ 10 ಲೀಟರ್ ಹೀಗೆ ಹೋದರೆ ದಿನಕ್ಕೆ 240 ಲೀಟರ್. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂದು ನಮ್ಮ ಎಂಜಿನಿಯರುಗಳು ಯೋಜನೆ ಹಾಕುತ್ತಾರೆ. ಅಂದರೆ ಇನ್ನೂ ಒಂದೂಮುಕ್ಕಾಲು ಜನ ಬಾಡಿಗೆ ಕೊಡದೆ ಮನೆಯಲ್ಲಿದ್ದಾರೆ ಎಂದಾಯಿತು. ತಿಂಗಳಿಗೆ 7,200 ಲೀಟರ್. 2024ರ ಮಾರ್ಚಿನಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರಿಗೆ ₹1,000 ದರ ಕಟ್ಟಿತ್ತು. ಆ ಲೆಕ್ಕದಲ್ಲಿ ಒಂದು ಕಮೋಡಿಗೆ ₹600. ಅದೇ ತಿಂಗಳು ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ ₹5,000 ದಂಡ ಹಾಕುತ್ತಿತ್ತು. ಕಾರು ಬೀದಿಯಲ್ಲಿ ನಿಂತಿರುತ್ತದೆ, ಕಣ್ಣಿಗೆ ಬೀಳುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಹೊಡೆದು ಮೇಲೇರಿಸಿದ ಕಾವೇರಿ ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಸದ್ದಿಲ್ಲದೆ ಇಳಿದುಹೋದರೆ ದಂಡ ಹಾಕುವವರು ಯಾರು?

ನೀರು ಸರಬರಾಜಿನ ಎಂಜಿನಿಯರುಗಳಿಗೆ ಇದಕ್ಕೊಂದು ಹಳೆಯ ಉಪಾಯ ಗೊತ್ತು. ಊರು ಮಲಗಿದ ಮೇಲೆ, ರಾತ್ರಿ 2ರಿಂದ 4ರವರೆಗೆ, ಎಷ್ಟು ನೀರು ಹರಿಯುತ್ತದೆ ಎಂದು ಅಳೆಯುತ್ತಾರೆ. ಆ ಹೊತ್ತಿನಲ್ಲಿ ಸ್ನಾನವಿಲ್ಲ, ಅಡುಗೆಯಿಲ್ಲ. ಹರಿಯುವುದರಲ್ಲಿ ಬಹುಪಾಲು ಸೋರಿಕೆಯೇ. ಒಂದು ಅಪಾರ್ಟ್‌ಮೆಂಟಿಗೂ ಇದನ್ನು ಹೊಂದಿಸಬಹುದು. ಮನೆಮನೆಗೆ ನಾಲ್ಕು ಸಾಧನ ಕೊಳ್ಳುವ ಮುಂಚೆ, ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪ್ರತಿ ದೊಡ್ಡ ಕೊಳವೆಗೆ ಒಂದೊಂದು ಒಳ್ಳೆಯ ಅಲ್ಟ್ರಾಸಾನಿಕ್ ಮೀಟರು ಹಾಕಿಸಿದರಾಯಿತು. ಹಳೆಯ ಚಕ್ರದ ಮೀಟರು ತೀರ ಸಣ್ಣ ಹರಿವಿಗೆ ಅಲುಗುವುದೇ ಇಲ್ಲ, ಇದು ಹಿಡಿಯುತ್ತದೆ. ರಾತ್ರಿ ಪಾಳಿಯವರು ಇರುವ ಕಟ್ಟಡದಲ್ಲಿ ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ನಿಜ. ಆದರೆ ಕಳೆದ ತಿಂಗಳ ರಾತ್ರಿಗೂ ಈ ತಿಂಗಳ ರಾತ್ರಿಗೂ ಇರುವ ಅಂತರ ಸುಳ್ಳು ಹೇಳುವುದಿಲ್ಲ.

ಇಷ್ಟಾದರೂ ನೀರು ಸೋರುವ ಮನೆಯವರಿಗೆ ಅದನ್ನು ನಿಲ್ಲಿಸುವ ಗರಜು ಇರಬೇಕಲ್ಲ. ನೀರಿನ ಖರ್ಚನ್ನು ಮೇಂಟೆನೆನ್ಸಿನಲ್ಲಿ ಸೇರಿಸಿ ಚದರಡಿ ಲೆಕ್ಕದಲ್ಲಿ ಹಂಚುವ ಕಡೆ, ನನ್ನ ಕಮೋಡಿನ ₹600ರಲ್ಲಿ ನನ್ನ ಪಾಲಿಗೆ ಬರುವುದು ಚಿಲ್ಲರೆ. ಮಿಕ್ಕಿದ್ದು ಅಕ್ಕಪಕ್ಕದವರದು. ಫೋನು ಬಡಿದುಕೊಂಡರೂ ‘ನಾಳೆ ಪ್ಲಂಬರ್‌ಗೆ ಹೇಳಿದರಾಯಿತು’ ಅನ್ನಿಸುವುದು ಅದಕ್ಕೇ. ಹೊಸ ಕಟ್ಟಡಗಳಲ್ಲಿ ಬಳಸಿದಷ್ಟಕ್ಕೆ ಬಿಲ್ಲು ಹಾಕುವುದು ಸುಲಭ. ಹಳೆಯವುಗಳಲ್ಲಿ ಕೊಳವೆಗಳ ಸಂಖ್ಯೆ ನೋಡಿಯೇ ಸಂಘದವರು ಕೈಚೆಲ್ಲುತ್ತಾರೆ, ಅವರದೂ ತಪ್ಪಲ್ಲ.

ಅಂಥ ಕಡೆ ಸಂಘವೇ ಖರ್ಚು ಹೊರಲಿ. ರಾತ್ರಿಯ ಅಂಕಿ ಏರಿದ ತಿಂಗಳು ಕೇಸರಿಬಾತಿಗೆ ಹಾಕುವ ಬಣ್ಣದ ಪೊಟ್ಟಣ ಹಿಡಿದು ಪ್ಲಂಬರ್ ಮನೆಮನೆಗೆ ಹೋಗಲಿ. ಫ್ಲಶ್ ಟ್ಯಾಂಕಿಗೆ ಚಿಟಿಕೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಕಾದರೆ, ಸವೆದ ವಾಷರಿನ ಕಮೋಡಿನಲ್ಲಿ ನೀರು ಕೇಸರಿ ಆಗಿರುತ್ತದೆ. ವಾಷರ್ ಅಲ್ಲೇ ಬದಲಾಗಲಿ, ಲೆಕ್ಕ ಸಂಘದ ಖಾತೆಗೆ ಹೋಗಲಿ. ಯಾರ ಮನೆಯದು ಕೇಸರಿಯಾಯಿತು ಅನ್ನುವುದನ್ನು ಮಾತ್ರ ನೋಟಿಸ್ ಬೋರ್ಡಿಗೆ ಹಾಕುವುದು ಬೇಡ.