ಗರಡಿಯ ಚರಿತ್ರೆ

ಮುಧೋಳದ ರನ್ನನು ಸುಮಾರು ಸಾವಿರ ವರ್ಷಗಳ ಹಿಂದೆ ಭೀಮ-ದುರ್ಯೋಧನರ ಕಾಳಗವನ್ನು 'ಗದಾಯುದ್ಧ'ದಲ್ಲಿ ಚಿರಸ್ಥಾಯಿಗೊಳಿಸಿದನು. ಅದೇ ನೆಲದ ಕುಸ್ತಿಯ ಜಟ್ಟಿಗಳಿಗೆ ಮಾತ್ರ ಚರಿತ್ರಕಾರನು ದೊರೆತಿಲ್ಲ.

1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅರಮನೆಗಳ ಕಾಲ ಮುಗಿಯಿತು, ಕುಸ್ತಿ ಮುಗಿಯಲಿಲ್ಲ. ಜಾತ್ರೆಯ ಕಣವೇ ಅದಕ್ಕೆ ಆಸರೆ. ರಬಕವಿ-ಬನಹಟ್ಟಿಯ ನೇಕಾರ, ಬೀಳಗಿಯ ರೈತರೇ ಅದರ ರಸಿಕರು.

ಕೊಲ್ಲಾಪುರದ ಖಾಸಬಾಗ ಮೈದಾನದಲ್ಲಿ ಗೆದ್ದವರ ಹೆಸರುಗಳನ್ನು ಪತ್ರಿಕೆಗಳು ಉಳಿಸಿವೆ. ಊರ ಕಣದಲ್ಲಿ ಬೆಳ್ಳಿಯ ಕಡಗ ಗೆದ್ದವನ ಹೆಸರು ಗರಡಿಯ ಹಿರಿಯರ ನಾಲಗೆಯ ಮೇಲಷ್ಟೇ ಇದೆ. ಅವರೊಡನೆ ಪಟ್ಟುಗಳ ಕನ್ನಡ ಹೆಸರುಗಳೂ ಅಳಿಯುತ್ತವೆ. ತರಗತಿಯಲ್ಲಿ ರನ್ನನನ್ನು ಓದಿಸುವ ನಾನು ವಿದ್ಯಾರ್ಥಿಗಳನ್ನು ಬೇಡುವುದಿಷ್ಟೇ: ಈ ರಜೆಯಲ್ಲಿ ನಿಮ್ಮೂರ ಗರಡಿಗೆ ಹೋಗಿ, ಹಿರಿಯರನ್ನು ಕೇಳಿ, ಬರೆದಿಡಿ. ಅದೂ ಕನ್ನಡ ಸಾಹಿತ್ಯದ ಸೇವೆಯೇ.