ಹೊಸಾ ಸಿಸ್ಟಮ್ ಕೇಳೋ ಮೊದಲು ಹಳೇದರ ಬಾಗಿಲು ತೆಗೀರಿ

ಸೆಮಿಸ್ಟರ್ ರಜೆ ಬಿತ್ತು ಅಂದ್ರೆ ನಮ್ಮಲ್ಲಿ ಅರ್ಧ ಜನ ಊರಿಗೆ ಹೋಗಿ ಮನೆಯ ಹಳೇ ಕಂಪ್ಯೂಟರ್ ಮುಂದೆ ಕೂರ್ತೀವಿ. ಎರಡನೇ ದಿನಕ್ಕೆ ಗ್ರೂಪಿನಲ್ಲಿ ಒಂದೇ ಗೋಳು: "ಮೊದಲಿಗೆ ಚಲೋ ಓಡತೈತಿ, ಇಪ್ಪತ್ತು ನಿಮಿಷ ಆದ್ಮ್ಯಾಗ ಎತ್ತಿನ ಬಂಡಿ ಆಕ್ಕೈತಿ." ಮೂರನೇ ದಿನಕ್ಕೆ ಅಪ್ಪನ ಮುಂದೆ ಅರ್ಜಿ: ಹೊಸಾದು ಕೊಡಿಸು.

ನಮ್ಮ ವಾದ ಇಷ್ಟೇ. ಎಂಜಿನಿಯರಿಂಗ್ ಓದೋರು ಹಳೇ ಮಷಿನ್ನಿನ ಬಾಗಿಲನ್ನ ಒಮ್ಮೆಯಾದರೂ ಬಿಚ್ಚಿ ನೋಡದೆ ಆ ಅರ್ಜಿ ಹಾಕಬಾರದು.

ಈ ಮಾತು ನಮಗೆ ಹೊಳೆದದ್ದು ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ, ಗೆಳೆಯನ ಮನೆಗೆ ನಾವು ನಾಲ್ವರು ಹೋದಾಗ. ಅವನ ಅಣ್ಣ ಓದುವಾಗ ತಂದಿದ್ದ ನಾಲ್ಕನೇ ತಲೆಮಾರಿನ ಐ5 ಮಷಿನ್ನು, ಎಂಟು ಜಿಬಿ ರ‍್ಯಾಮ್, ಒಂದು ಹಳೇ ಗ್ರಾಫಿಕ್ಸ್ ಕಾರ್ಡು. ಇಟ್ಟಿದ್ದು ಗೋವಿನಜೋಳದ ಚೀಲಗಳ ಪಕ್ಕದ ಕೋಣೆಯಲ್ಲಿ, ಗೋಡೆಗೆ ಒತ್ತಿ. ಅಂಗಡಿಯೊಂದರಲ್ಲಿ ಮಷಿನ್ ಆನ್ ಸಹ ಮಾಡದೆ "ಇದರ ಆಯುಷ್ಯ ಮುಗೀತು, ಹೊಸದೇ ತಗೊಳ್ರಿ" ಅಂದಿದ್ದರಂತೆ. ಆ ವರ್ಷದ ಪೀಕಿನ ರೊಕ್ಕದಲ್ಲಿ ಅರವತ್ತು ಸಾವಿರ ಎತ್ತಿಡಲು ಅವರಪ್ಪ ಒಪ್ಪಿಯೂ ಆಗಿತ್ತು. ಅದೇ ರೊಕ್ಕದಲ್ಲಿ ಬೀಜ, ಗೊಬ್ಬರ, ತಂಗಿಯ ಕಾಲೇಜು ಫೀ ಎಲ್ಲ ಆಗಬೇಕಿತ್ತು.

ನಾವು ಮೊದಲು ಮಾಡಿದ್ದು ಅಳತೆ. ಉಷ್ಣತೆ ಮತ್ತು ಕ್ಲಾಕ್ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಜಿಟಿಎ 5 ಹಚ್ಚಿ ಕೂತೆವು. ಹತ್ತು ನಿಮಿಷಕ್ಕೆ ಪ್ರೊಸೆಸರ್ 90 ಡಿಗ್ರಿ ದಾಟಿತು. ಇಪ್ಪತ್ತು ನಿಮಿಷಕ್ಕೆ 100ರ ಹತ್ತಿರ. ಅಲ್ಲಿಂದ 3.2 ಗಿಗಾಹರ್ಟ್ಸ್ ಇದ್ದ ವೇಗ ಅರ್ಧಕ್ಕೆ ಇಳಿಯಿತು, ಅದರ ಬೆನ್ನಿಗೇ ಫ್ರೇಮುಗಳೂ ಬಿದ್ದವು.

ಮಷಿನ್ ಮುದುಕಾಗಿರಲಿಲ್ಲ, ತನ್ನ ಜೀವ ಉಳಿಸಿಕೊಳ್ಳುತ್ತಿತ್ತು. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಅಂತಾರೆ. ಉಷ್ಣತೆ ಮಿತಿ ಮುಟ್ಟಿದಾಗ ಚಿಪ್ಪು ತಾನೇ ವೇಗ ಮತ್ತು ವೋಲ್ಟೇಜು ಇಳಿಸುತ್ತೆ. ಚಿಪ್ಪು ಕೆಲಸ ಮಾಡುವಾಗ ತಿನ್ನುವ ಪವರ್ ವೋಲ್ಟೇಜಿನ ವರ್ಗ ಮತ್ತು ಫ್ರೀಕ್ವೆನ್ಸಿಗೆ ಅನುಪಾತ ಅಂತ ಇಲೆಕ್ಟ್ರಾನಿಕ್ಸ್ ಬ್ರಾಂಚಿನವರು ಇಂಟರ್ನಲ್ಸ್‌ನಲ್ಲಿ ಬರೆದೇ ಇರ್ತಾರೆ. ಅದೇ ಸೂತ್ರ ಮನೆಯ ಕೋಣೆಯಲ್ಲಿ ಕಣ್ಣ ಮುಂದೆ ನಡೀತಿತ್ತು, ನಾವು "ಲ್ಯಾಗ್" ಅಂತ ಬೈಕೊಂಡು ಕೂತಿದ್ವಿ.

ಬಾಗಿಲು ತೆಗೆದಾಗ ಕಂಡದ್ದು ಧೂಳಿನ ಕಂಬಳಿ. ಒಕ್ಕಣೆಯ ಹೊಟ್ಟು, ಎರೆಮಣ್ಣಿನ ಪುಡಿ, ಎಲ್ಲ ಸೇರಿ ಹೀಟ್‌ಸಿಂಕಿನ ಸಂದುಗಳನ್ನ ಮೆತ್ತಿಬಿಟ್ಟಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗ್ತಿರಲಿಲ್ಲ. ಹೀಟ್‌ಸಿಂಕ್ ಎತ್ತಿದರೆ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಉದುರಿತು. ಪೇಸ್ಟಿನ ಕೆಲಸ ಎರಡು ಲೋಹಗಳ ನಡುವಿನ ಸಣ್ಣ ಸಂದುಗಳಿಂದ ಗಾಳಿ ಹೊರಹಾಕುವುದು. ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಳಿಯದು ಬರೀ 0.026, ಅಂದರೆ ಹದಿನೈದು ಸಾವಿರ ಪಟ್ಟು ಕಮ್ಮಿ. ಕೂದಲೆಳೆಯಷ್ಟು ಗಾಳಿ ನಡುವೆ ನುಗ್ಗಿದರೂ ಬಿಸಿ ಅಲ್ಲೇ ನಿಲ್ಲುತ್ತೆ. ಮೆಕ್ಯಾನಿಕಲ್‌ನವರ ಹೀಟ್ ಟ್ರಾನ್ಸ್‌ಫರ್ ಪೇಪರಿನ ಮೊದಲ ಅಧ್ಯಾಯ ಇದೇ.

ಮಾಡಿದ ಕೆಲಸ ದೊಡ್ಡದೇನಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ಕರೆಂಟು ಖಾಲಿ ಮಾಡಿದೆವು. ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕೈಯ ಸ್ಟ್ಯಾಟಿಕ್ ಇಳಿಸಿಕೊಂಡೆವು. ಫ್ಯಾನಿನ ರೆಕ್ಕೆ ಬೆರಳಿನಲ್ಲಿ ಹಿಡಿದು ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದೆವು. ಹಳೇ ಪೇಸ್ಟನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್‌ಸಿಂಕಿನ ನಾಲ್ಕೂ ಪಿನ್ನು "ಟಕ್" ಅನ್ನೋವರೆಗೆ ಎದುರುಬದುರು ಒತ್ತಿದೆವು. ಕ್ಯಾಬಿನೆಟ್ಟನ್ನ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದೆವು. ಎಲ್ಲಾ ಸೇರಿ ಖರ್ಚು ಐನೂರು ರೂಪಾಯಿಯೊಳಗೆ. ಅದೇ ಆಟ, ಅದೇ ಮಧ್ಯಾಹ್ನದ ಬಿಸಿಲು, ಒಂದು ತಾಸು ಆಡಿದರೂ 75 ಡಿಗ್ರಿ ದಾಟಲಿಲ್ಲ.

ಎರಡು ಎಚ್ಚರಿಕೆ ಹೇಳಲೇಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡೀಬ್ಯಾಡ್ರಿ, ಅದರ ಗಾಳಿಯಲ್ಲಿ ನೀರಿನ ಹನಿ ಇರ್ತಾವು, ಒತ್ತಡವೂ ಜಾಸ್ತಿ. ಪವರ್ ಸಪ್ಲೈ ಡಬ್ಬಿಯನ್ನ ಅಪ್ಪಿತಪ್ಪಿಯೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್ ಹೊಡೆಯುತ್ತೆ.

ಎಲ್ಲಾ ರೋಗಕ್ಕೂ ಇದೇ ಮದ್ದು ಅಂತ ನಾವು ಹೇಳ್ತಿಲ್ಲ. ಉಷ್ಣತೆ ಸರಿ ಇದ್ದೂ ನಿಧಾನ ಆಗ್ತಿದ್ದರೆ ಟಾಸ್ಕ್ ಮ್ಯಾನೇಜರ್ ನೋಡಿ. ರ‍್ಯಾಮ್ ಹೊತ್ತು ಹೋದಂತೆ ತುಂಬುತ್ತಿದ್ದರೆ ಹಿಂದೆ ತೆರೆದಿಟ್ಟ ಬ್ರೌಸರ್ರೋ, ಆಟದ್ದೇ ದೋಷವೋ ಕಾರಣ. ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಆಟ ಶುರುವಾದ ಮೊದಲ ನಿಮಿಷದಿಂದಲೇ ಎಳೆಯುತ್ತಿದ್ದರೆ ಆ ಕಾರ್ಡಿಗೆ ಆ ಆಟದ ತಾಕತ್ತೇ ಇಲ್ಲ, ಎಷ್ಟು ಒರೆಸಿದರೂ ಅಷ್ಟೇ. ಆಗ ಹೊಸಾದು ಕೇಳಿ, ತಪ್ಪಿಲ್ಲ. ಕೇಳುವಾಗ ಕೈಯಲ್ಲಿ ಅಳತೆ ಇರಲಿ.

"ಬಿಚ್ಚಿ ಕೆಡಿಸಿದ್ರೆ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಭಯ. ವಾರಂಟಿ ಇರುವ ಮಷಿನ್ನು ಮುಟ್ಟಬೇಡಿ. ಲ್ಯಾಪ್‌ಟಾಪ್ ಆದರೆ ಗೊತ್ತಿದ್ದವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಚ್ಚದೆಯೂ ಆಗುವ ಕೆಲಸ ಇವೆ: ಫ್ರೇಮ್ ಮಿತಿಯನ್ನ 60ಕ್ಕೆ ಕಟ್ಟಿ, ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರ್ ಗರಿಷ್ಠವನ್ನ 99 ಪರ್ಸೆಂಟಿಗೆ ಇಳಿಸಿ. ಟರ್ಬೊ ನಿಂತು ಬಿಸಿ ಕಮ್ಮಿ ಆಗುತ್ತೆ. ಆದರೆ ಅಂಗಡಿಯಲ್ಲಿ ಬರೀ ಸದ್ದು ಕೇಳಿ "ಸತ್ತೈತಿ" ಅಂದವರ ಮಾತನ್ನ ಅಳೆಯದೆ ನಂಬೋದು ನಮ್ಮ ಓದಿಗೆ ಮರ್ಯಾದೆ ಅಲ್ಲ.

ಈಗಿನ ಹೊತ್ತಿಗೆ ಇದು ಇನ್ನೂ ಮುಖ್ಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್ಪುಗಳು ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಶುರು. ಹತ್ತಿಮತ್ತೂರಿನ ಆ ಮಷಿನ್ನಿನಂಥವು ಕೆಟ್ಟಿರದಿದ್ದರೂ ಕಾಗದದ ಮೇಲೆ ಹಳತಾದವು. ಅವಕ್ಕೆ ಲಿನಕ್ಸ್ ಮಿಂಟ್ ಹಾಕಬಹುದು. ಸ್ಟೀಮ್‌ನ ಪ್ರೋಟಾನ್‌ನಿಂದ ಎಷ್ಟೋ ಆಟ ಓಡ್ತಾವು, ವ್ಯಾಲೊರಂಟ್ ಥರದ ಕೆಲವು ಓಡಲ್ಲ ಅನ್ನೋದೂ ನಿಜ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತು ಹುಟ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗವೂ ಅಲ್ಲ. ಧೂಳು ಒರೆಸಿದ್ದರೆ ಬದುಕುತ್ತಿದ್ದ ಮಷಿನ್ನನ್ನ ಆ ರಾಶಿಗೆ ನಾವೂ ಸೇರಿಸಬೇಕಾ?

ಕಾಲೇಜಿಗೂ ಒಂದು ಕೋರಿಕೆ. ಪ್ರತಿ ವರ್ಷ ಲ್ಯಾಬಿನಿಂದ ಹಳೇ ಸಿಸ್ಟಮ್ಮುಗಳನ್ನ ತೆಗೆದು ಮೂಲೆಗೆ ಒಟ್ಟುತ್ತಾರೆ. ಅವುಗಳಲ್ಲಿ ಹತ್ತನ್ನ ಮೊದಲ ವರ್ಷದವರ ಕೈಗೆ ಕೊಡಲಿ. ಬಿಚ್ಚಲಿ, ಅಳೆಯಲಿ, ಜೋಡಿಸಲಿ, ಕೆಟ್ಟರೆ ಕೆಡಲಿ. ಸ್ಕ್ರೂಡ್ರೈವರ್ ಹಿಡಿಯೋ ಧೈರ್ಯ ಪಿಪಿಟಿಯಿಂದ ಬರಲ್ಲ.

ಆ ಸಂಜೆ ಗೆಳೆಯನ ಅಪ್ಪ ಬಂದು ಬಾಗಿಲಲ್ಲಿ ನಿಂತು, ಪೇಪರಿನ ಮೇಲೆ ಬಿದ್ದ ಧೂಳಿನ ಗುಡ್ಡೆ ನೋಡಿ ಕೇಳಿದರು: "ಇಷ್ಟಕ್ಕ ಅರವತ್ತು ಸಾವಿರ ಕೇಳಿದ್ಯಾ ತಮ್ಮಾ?" ಅವನು ತಲೆ ತಗ್ಗಿಸಿದ, ನಾವೂ ತಗ್ಗಿಸಿದೆವು. ಮುಂದಿನ ರಜೆಗೆ ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಬರುವ ಮೊದಲೇ ಬಾಗಿಲು ತೆಗೀರಿ.