ಅಂಗಳದ ಹೂದೋಟ: ಕಣಗಿಲೆಯೋ, ಕಾಗದದ ಹೂವೋ?

ಬಾಪೂಜಿ ನಗರದ ವಾಚಕರೊಬ್ಬರು ಕೇಳಿರುವ ಪ್ರಶ್ನೆಯು ಚಿಕ್ಕದಾದರೂ ಅದಕ್ಕೆ ಕೊಡತಕ್ಕ ಉತ್ತರವು ಅಷ್ಟು ಚಿಕ್ಕದಲ್ಲ. ಅವರ ಮನೆಯ ಮುಂದೆ ಗೇಟಿನ ಪಕ್ಕದಲ್ಲಿ ಮೂರಡಿ ಅಗಲದ ಮಣ್ಣಿನ ಪಟ್ಟಿಯೊಂದುಂಟು. ಮೇಲೆ ದಿನವೆಲ್ಲ ಬಿಸಿಲು ಬೀಳುವ ತಾರಸಿಯುಂಟು. ಬೇಸಿಗೆಯಲ್ಲಿ ನೀರಿಗೆ ಕಷ್ಟ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಹೆಚ್ಚು ನೀರು ಬೇಡದೆ ಹೂ ಕೊಡುವ ಗಿಡವೆಂದರೆ ಕಣಗಿಲೆಯೇ ಎಂದು ಅತ್ತೆಯವರೂ, ಕಾಗದದ ಹೂವೇ ಎಂದು ಸೊಸೆಯೂ ಪಟ್ಟು ಹಿಡಿದಿರುವರಂತೆ. ನಾವು ಯಾರ ಪಕ್ಷವೆಂಬುದನ್ನು ತಿಳಿಸಬೇಕಂತೆ! ಅತ್ತೆ ಸೊಸೆಯರ ನಡುವೆ ನ್ಯಾಯ ಹೇಳುವುದು ಅಪಾಯದ ಕೆಲಸ. ಆದರೂ ಕೇಳಿದ ಮೇಲೆ ಹೇಳದಿರಲಾಗದು.

ನೀರಿನ ಮಾತನ್ನು ಮೊದಲು ಮುಗಿಸೋಣ. ಬೆಂಗಳೂರಿನ ಕೊಳಾಯಿಗೆ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರಿನಷ್ಟು ದೂರದಿಂದ, ಅದೂ ಎತ್ತರಕ್ಕೆ ಏರಿ ಬರಬೇಕಾಗಿದೆ. 2024ರ ಮಾರ್ಚ್ ತಿಂಗಳಲ್ಲಿ ಕೊಳವೆ ಬಾವಿಗಳು ಬತ್ತಿ ನಗರವು ತತ್ತರಿಸಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಕೂಡದೆಂದೂ, ಹಾಕಿದವರಿಗೆ 5,000 ರೂಪಾಯಿ ದಂಡವೆಂದೂ ಜಲಮಂಡಳಿಯು ಆಜ್ಞೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆಯು ಆರಂಭವಾಯಿತೆಂಬುದು ನಿಜ. ಆದರೆ ಆ ಬೇಸಿಗೆಯನ್ನು ಕಂಡ ಗೃಹಸ್ಥರು ಗಿಡವನ್ನು ಕೊಳ್ಳುವ ಮುನ್ನ ಅದು ಎಷ್ಟು ನೀರು ಕುಡಿಯುವುದೆಂದು ವಿಚಾರಿಸುವುದು ವಿವೇಕವೇ ಸರಿ.

ಕಣಗಿಲೆಗೂ ಕಾಗದದ ಹೂವಿಗೂ ‘ನೀರು ಬೇಡದ ಗಿಡ’ವೆಂಬ ಬಿರುದು ಸಲ್ಲುತ್ತದೆ. ಹೆದ್ದಾರಿಗಳ ನಡುವಣ ಪಟ್ಟಿಗಳಲ್ಲಿ, ಹೊಗೆ ಧೂಳುಗಳ ಮಧ್ಯದಲ್ಲಿ, ಇವೆರಡೂ ಹೂಬಿಟ್ಟು ನಿಂತಿರುವುದನ್ನು ನೀವೆಲ್ಲರೂ ಕಂಡಿರುವಿರಿ. ಆದರೆ ಬಿರುದು ಒಂದೇ ಆದರೂ ಸ್ವಭಾವವು ಒಂದೇ ಅಲ್ಲ. ಕಣಗಿಲೆಯು ಬರವನ್ನು ಸಹಿಸುತ್ತದೆ; ಕಾಗದದ ಹೂವು ಬರವನ್ನು ಬಯಸುತ್ತದೆ. ಈ ಭೇದವನ್ನು ತಿಳಿಯದೆ ಎರಡಕ್ಕೂ ಒಂದೇ ಬಗೆಯ ಆರೈಕೆ ಮಾಡುವುದರಿಂದಲೇ, ಒಬ್ಬರ ಮನೆಯ ಕಾಗದದ ಹೂವು ಬರೀ ಎಲೆಯಾಗಿ ಬೆಳೆಯುವುದು. ಇನ್ನೊಬ್ಬರ ಮನೆಯ ಕಣಗಿಲೆಯು ಮೊಗ್ಗಿನಲ್ಲೇ ಬಾಡುವುದು.

ಕಣಗಿಲೆಯು ಮೂಲತಃ ಹೊಳೆಹಳ್ಳಗಳ ದಂಡೆಯ ಗಿಡ. ಮಳೆಗಾಲದಲ್ಲಿ ತುಂಬಿ ಹರಿದು ಬೇಸಿಗೆಯಲ್ಲಿ ಒಣಗಿ ಹೋಗುವ ಹಳ್ಳದ ಪಾತ್ರದಲ್ಲಿ ಬೇರನ್ನು ಆಳಕ್ಕೆ ಇಳಿಸಿ ಬದುಕುವುದನ್ನು ಅದು ಕಲಿತಿದೆ. ಅದರ ಎಲೆಯನ್ನು ಮುಟ್ಟಿ ನೋಡಿರಿ: ತೊಗಲಿನಂತೆ ದಪ್ಪ, ಮೇಲೆ ಮೇಣದ ಹೊದಿಕೆ. ಉಸಿರಾಡುವ ರಂಧ್ರಗಳು ಎಲೆಯ ಕೆಳಮೈಯಲ್ಲಿ ಚಿಕ್ಕ ಚಿಕ್ಕ ಗುಳಿಗಳೊಳಗೆ, ನವಿರಾದ ರೋಮಗಳ ಮರೆಯಲ್ಲಿ ಅಡಗಿರುತ್ತವೆ. ಒಣಗಾಳಿಗೆ ಅಲ್ಲಿಯ ತೇವವು ಸುಲಭವಾಗಿ ದಕ್ಕುವುದಿಲ್ಲ. ಹೀಗೆ ಅದು ನೀರಿಲ್ಲದೆ ಬದುಕುತ್ತದೆ. ಆದರೆ ನೀರು ಸಿಕ್ಕಿದಾಗ ಸಂತೋಷದಿಂದ ಕುಡಿದು, ಗೊಂಚಲು ಗೊಂಚಲಾಗಿ ಹೂಬಿಡುತ್ತದೆ. ನೆಲದಲ್ಲಿ ಬೇರೂರಿದ ಗಿಡಕ್ಕೆ ಕಡುಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಒಂದು ಬಕೆಟ್ ನೀರನ್ನು ಬುಡದಲ್ಲಿ ನಿಧಾನವಾಗಿ ಇಂಗಿಸಿದರೆ ಸಾಕು. ಪ್ರತಿದಿನ ಒಂದೊಂದು ಚೆಂಬು ಚಿಮುಕಿಸುವುದರಿಂದ ಬೇರು ಮೇಲುಮೇಲಕ್ಕೇ ಬಂದು ಗಿಡವು ಸುಕುಮಾರವಾಗುವುದು. ನೀರಿನಲ್ಲಿ ಸ್ವಲ್ಪ ಉಪ್ಪಿನಂಶವಿದ್ದರೂ ಕಣಗಿಲೆಯು ಗೊಣಗುವುದಿಲ್ಲ.

ಕಾಗದದ ಹೂವಿನ ಕಥೆ ಬೇರೆ. ಅದು ದಕ್ಷಿಣ ಅಮೆರಿಕದ್ದು. ಫ್ರೆಂಚ್ ನಾವಿಕನಾದ ಬೂಗನ್‌ವಿಲ್ ಎಂಬಾತನ ಭೂಪ್ರದಕ್ಷಿಣೆಯ ಹಡಗಿನಲ್ಲಿದ್ದ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನು 1767ರಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋ ಬಳಿ ಇದನ್ನು ಕಂಡು, ತನ್ನ ನಾಯಕನ ಹೆಸರನ್ನೇ ಇಟ್ಟನು. ನಾವು ಹೂವೆಂದು ಮೆಚ್ಚುವ ಬಣ್ಣದ ದಳಗಳು ವಾಸ್ತವವಾಗಿ ಹೂವಲ್ಲ, ಬಣ್ಣ ತಾಳಿದ ಎಲೆಗಳು. ಮೂರು ಎಲೆಗಳ ನಡುವೆ ಇರುವ ಬೆಳ್ಳಗಿನ ಸಣ್ಣ ಕೊಳವೆಗಳೇ ಹೂಗಳು. ಈ ಗಿಡಕ್ಕೆ ಸುಖವು ಹೆಚ್ಚಾದರೆ ಎಲೆಯನ್ನೂ ಮುಳ್ಳನ್ನೂ ಬೆಳೆಸುತ್ತ ಹೋಗುವುದು. ಮಣ್ಣು ಒಣಗಿ, ಬೇರು ಇಕ್ಕಟ್ಟಾಗಿ, ಬಿಸಿಲು ಸುಡತೊಡಗಿದರೆ ಮೈತುಂಬ ಬಣ್ಣ ತಳೆಯುವುದು. ನಮ್ಮಲ್ಲಿ ಹಿಂಗಾರು ಮುಗಿದ ಮೇಲೆ, ಇತರ ಗಿಡಗಳೆಲ್ಲ ಸೊರಗುವ ಕಾಲದಲ್ಲಿ, ಇದು ಮೆರೆಯುವುದಕ್ಕೆ ಕಾರಣವಿದೇ.

ಆದುದರಿಂದ ಇದನ್ನು ಕುಂಡದಲ್ಲಿ ಸಾಕುವವರು ಕೈಯನ್ನು ಬಿಗಿಹಿಡಿಯಬೇಕು. ಹನ್ನೆರಡು ಅಂಗುಲದ ಮಣ್ಣಿನ ಕುಂಡ ಸಾಕು, ದೊಡ್ಡದು ಬೇಡ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹಳೆಯ ಗೊಬ್ಬರ ಒಂದು ಪಾಲು. ಒಂದು ಸುತ್ತು ಹೂ ಮುಗಿದ ಕೂಡಲೆ ರೆಂಬೆಗಳನ್ನು ಮೂರರಲ್ಲೊಂದು ಭಾಗದಷ್ಟು ಕತ್ತರಿಸಿರಿ. ಹೂ ಬರುವುದು ಹೊಸ ಚಿಗುರಿನಲ್ಲಿಯೇ. ಚಿಗುರು ಒಂದು ಗೇಣು ಬೆಳೆದ ಮೇಲೆ ನೀರನ್ನು ತಡೆಯಿರಿ. ಎಲೆಯು ಸ್ವಲ್ಪ ಜೋಲು ಬಿದ್ದಾಗ ಮಾತ್ರ ಒಂದು ಚೆಂಬು ಹಾಕಿ, ಪುನಃ ತಡೆಯಿರಿ. ಎರಡು ಮೂರು ವಾರ ಹೀಗೆ ಮಾಡಿದರೆ ಮೊಗ್ಗು ಕಾಣುವುದು. ಮೊಗ್ಗು ಕಂಡ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಮಣ್ಣು ನೆನೆಯುವಷ್ಟು ನೀರು ಕೊಡಬಹುದು. ಅಕ್ಕಿ, ತರಕಾರಿ ತೊಳೆದ ನೀರೇ ಆದೀತು. ಯೂರಿಯದಂತಹ ಗೊಬ್ಬರವನ್ನು ಹಾಕಲೇಬೇಡಿರಿ. ಇದರ ಬೇರು ಬಹಳ ನಾಜೂಕು. ಕುಂಡ ಬದಲಾಯಿಸುವಾಗ ಮಣ್ಣಿನ ಹೆಂಟೆ ಒಡೆಯದಂತೆ ನೋಡಿಕೊಳ್ಳಬೇಕು.

ಇನ್ನು ಮಗುವಿನ ವಿಷಯ. ಇದನ್ನು ನಾವು ಹಗುರವಾಗಿ ದಾಟುವಂತಿಲ್ಲ. ಕಣಗಿಲೆಯ ಎಲೆ, ಹೂ, ಕಡ್ಡಿ, ಬೇರು, ಹಾಲು, ಎಲ್ಲವೂ ವಿಷ. ಆ ವಿಷವು ಹೃದಯದ ಬಡಿತವನ್ನೇ ಕೆಡಿಸತಕ್ಕದ್ದು. ಒಣಗಿದ ಎಲೆಯಲ್ಲಿಯೂ ಅದು ಉಳಿದಿರುತ್ತದೆ. ಕತ್ತರಿಸಿದ ರೆಂಬೆಗಳನ್ನು ಬೀದಿಗೆ ಎಸೆದರೆ ತಿರುಗಾಡುವ ಹಸುಗಳು ತಿಂದು ಸಾಯುವ ಸಂಭವವುಂಟು. ಸುಡುವುದೂ ಸಲ್ಲದು, ಹೊಗೆಯೂ ಕೆಟ್ಟದ್ದು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಕಣಗಿಲೆಯ ಹೂವನ್ನು ಬಳಸಕೂಡದೆಂದು ನಿಷೇಧಿಸಿತು. ಪೂಜೆಗೆ ಮಾತ್ರ ಅಡ್ಡಿಯಿಲ್ಲವೆಂದಿತು. ನಮ್ಮ ಮನೆಗಳಿಗೂ ಇದು ಒಪ್ಪತಕ್ಕ ನಿಯಮ. ದೇವರಿಗೆ ಏರಿಸಿದ ಕಣಗಿಲೆಯನ್ನು ಪ್ರಸಾದವೆಂದು ಮಗುವಿನ ಕೈಗೆ ಕೊಡುವ ಪದ್ಧತಿಯಿದ್ದರೆ ಇಂದೇ ಬಿಡಬೇಕು. ತೀರ್ಥದ ಪಾತ್ರೆಯಲ್ಲಿ ಆ ಹೂವನ್ನು ಹಾಕಬಾರದು. ಅಕಸ್ಮಾತ್ ಮಗುವು ಜಗಿದರೆ ಹುಣಿಸೆಹುಳಿ, ಉಪ್ಪುನೀರು ಎಂದು ಮನೆಯಲ್ಲಿ ಪ್ರಯೋಗ ನಡೆಸುತ್ತ ಕಾಲ ಕಳೆಯದೆ, ಬಾಯನ್ನು ತೊಳೆದು, ಜಗಿದ ಎಲೆಯ ಚೂರನ್ನೂ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಓಡಬೇಕು. ಹಳದಿ ಕಣಗಿಲೆಯು ಬೇರೆ ಜಾತಿಯ ಗಿಡವಾದರೂ ವಿಷದಲ್ಲಿ ಇದಕ್ಕೆ ಕಡಿಮೆಯಲ್ಲ. ಅದರ ಬೀಜವು ಮತ್ತೂ ಘೋರ.

ಕಾಗದದ ಹೂವಿಗೆ ಇರುವುದು ಮುಳ್ಳು. ಮುಳ್ಳು ಚುಚ್ಚುವುದು, ಮಗು ಅಳುವುದು, ಮತ್ತೊಮ್ಮೆ ಹತ್ತಿರ ಹೋಗದು. ವಿಷವು ಹಾಗೆ ಎಚ್ಚರಿಕೆ ಕೊಡುವುದಿಲ್ಲ.

ಹಾಗೆಂದು ಅತ್ತೆಯವರ ಮಾತನ್ನು ನಾವು ತಳ್ಳಿಹಾಕುವವರಲ್ಲ. ಪೂಜೆಯ ಬುಟ್ಟಿಗೆ ಕಣಗಿಲೆಯ ಹೂ ಬರುವಂತೆ ಕಾಗದದ ಹೂವು ಬರುವುದಿಲ್ಲ. ಅದಕ್ಕೆ ಪರಿಮಳವಿಲ್ಲ, ದೇವರ ಮನೆಯಲ್ಲಿ ಸ್ಥಾನವೂ ಇಲ್ಲ. ಬೆಳಗಿನ ಹೊತ್ತು ಅಂಗಳದಲ್ಲಿ ಹೂ ಬಿಡಿಸುವ ಸುಖವನ್ನು ಬರೀ ಬಣ್ಣವು ಕೊಡಲಾರದು. ಕಣಗಿಲೆಗೆ ಮತ್ತೊಂದು ಶೋಭೆಯೂ ಉಂಟು. ಕಂದು ಬಣ್ಣದ ಒಂದು ಜಾತಿಯ ಚಿಟ್ಟೆಯು ಇದರ ಎಲೆಯ ಮೇಲೆ ಮೊಟ್ಟೆಯಿಡುವುದು. ಅದರ ಕೋಶವು ಎಲೆಯಡಿಯಲ್ಲಿ ಬೆಳ್ಳಿಬಂಗಾರದ ಲೋಲಕಿನಂತೆ ತೂಗಾಡುವುದು. ಎಲೆಗಳಲ್ಲಿ ತೂತು ಕಂಡ ಮಾತ್ರಕ್ಕೆ ಔಷಧಿ ಹೊಡೆಯುವವರು ಇದನ್ನು ನೆನೆಯಬೇಕು. ಚಿಗುರಿಗೆ ಮುತ್ತುವ ಹಳದಿ ಹೇನುಗಳನ್ನಾದರೋ ನೀರನ್ನು ರಭಸವಾಗಿ ಎರಚಿ ಉದುರಿಸಿದರೆ ಸಾಕು.

ಹೀಗಿರಲು ಈ ಮನೆಗೆ ನಮ್ಮ ಸಲಹೆಯಿದು. ತಾರಸಿಯ ಬಿಸಿಲಿಗೆ ಕಾಗದದ ಹೂವಿನ ಎರಡು ಕುಂಡಗಳನ್ನಿಡಿರಿ. ಗೇಟಿನ ಪಟ್ಟಿಯಲ್ಲಿ ಅದನ್ನು ನೆಟ್ಟರೆ ಎರಡು ವರ್ಷದಲ್ಲಿ ಬೀದಿಗೆ ಚಾಚಿ, ದಾರಿಹೋಕರ ಬಟ್ಟೆ ಹಿಡಿದೆಳೆಯುವುದು. ಆ ಪಟ್ಟಿಯಲ್ಲಿ ಸದ್ಯಕ್ಕೆ ಕಣಗಿಲೆಯೂ ಬೇಡ; ಅತ್ತೆಯವರ ಪೂಜೆಗೆ ಸ್ಫಟಿಕದ ಹೂವಿನ ನಾಲ್ಕು ಗಿಡ ನೆಡಿರಿ. ಅದೂ ಕಡಿಮೆ ನೀರಿನಲ್ಲಿ ಬಾಳುವುದು. ಮಗುವು ಮಾತು ತಿಳಿದು, ಗಿಡದ ಎಲೆಯನ್ನು ಬಾಯಿಗಿಡಬಾರದೆಂದು ಅರಿತ ಮೇಲೆ, ಐದಾರು ವರ್ಷಗಳ ನಂತರ, ಕಣಗಿಲೆಯನ್ನು ಧಾರಾಳವಾಗಿ ತರಬಹುದು. ಅದರ ಕಡ್ಡಿಯು ಬಾಟಲಿಯ ನೀರಿನಲ್ಲಿಯೇ ಬೇರು ಬಿಡುವುದರಿಂದ, ನೆರೆಮನೆಯಲ್ಲಿ ಕೇಳಿದರೆ ಕಾಸು ಖರ್ಚಿಲ್ಲದೆ ದೊರೆಯುವುದು.

ಕಾಗದದ ಹೂವಿಗೆ ಜೂನ್, ಜುಲೈ ತಿಂಗಳುಗಳು ಸಕಾಲ. ಪೆನ್ಸಿಲಿನಷ್ಟು ದಪ್ಪದ ಬಲಿತ ಕಡ್ಡಿಯನ್ನು ಒಂದು ಗೇಣುದ್ದ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ಊರಿ, ನೆರಳಿನಲ್ಲಿಡಿರಿ. ಚಿಗುರು ಕಂಡಿತೆಂದು ಕೂಡಲೆ ಕಿತ್ತು ನೋಡಬೇಡಿರಿ. ಬೇರಿಗಿಂತ ಚಿಗುರೇ ಮೊದಲು ಬರುವ ಗಿಡವಿದು. ಎರಡು ತಿಂಗಳಾದ ಮೇಲೆ ಕುಂಡಕ್ಕೆ ಬದಲಾಯಿಸಿ ಬಿಸಿಲಿಗೆ ತರಬಹುದು.